ನೀವಿಲ್ಲದಿದ್ರೆ ಆಫೀಸು ಮುಚ್ಚತ್ತಾ?

ಭಾನುವಾರ, ಬೆಳಿಗ್ಗೆ

ಫೋನ್ ಎತ್ತದ ಜೂನಿಯರ್ ವಕೀಲೆ ಅಕ್ಕನಿಗೆ, ಫೋನ್ ಮಾಡಿ ಮಾಡಿ ಬೆರಳು ಸವೆಸಿಕೊಂಡ ಚಕ್ರನ ನಮಸ್ಕಾರ.

ನಾನು ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಾ ಅಂತ ಕೇಳಲ್ಲ, ಯಾಕಂದ್ರೆ ನಿಮ್ಮ ಅಮ್ಮ ಹೇಳಿದ್ದಾರೆ. ಮೊನ್ನೆ ಮನೆ ಫೋನಿಗೆ ಮಾಡಿದಾಗ ಅವರೇ ಎತ್ತಿದ್ರು. ನನಗೆ ಬರೋ ನಿಮ್ಮ ಭಾಷೆ, ಅವರಿಗೆ ಬರೋ ನಮ್ಮ ಭಾಷೆ, ಎರಡನ್ನೂ ಕೂಡಿಸಿದ್ರೂ ಒಂದು ಪೂರ್ತಿ ವಾಕ್ಯ ಆಗಲ್ಲ. ಆದ್ರೂ ಅರ್ಥ ಆಯ್ತು. ಊಟ ಮಾಡ್ತಾಳೆ, ಕೆಲಸಕ್ಕೆ ಹೋಗ್ತಾಳೆ, ಮಾತಾಡಲ್ಲ ಅಂದ್ರು. ಡ್ರೈವಿಂಗ್ ಸ್ಕೂಲಿನ ಕೌಂಟರ್‌ನಲ್ಲಿ ಕೂರ್ತೀರಂತೆ. ಅಕ್ಕ, ನೀವಾ? ಆಫೀಸಿನ ಸ್ಕೂಟರಿಗೆ ಸ್ಟ್ಯಾಂಡ್ ಹಾಕೋಕೂ ಮೂರನೇ ಮಹಡೀಲಿದ್ದ ನನ್ನನ್ನ ಕೆಳಗೆ ಕೂಗಿ ಕರೀತಿದ್ದವರು! ನಿಮ್ಮ ಊರಿನ ಪಾದಚಾರಿಗಳನ್ನ ದೇವರೇ ಕಾಪಾಡಬೇಕು.

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಹತ್ತನೇ ಕ್ಲಾಸಿನ ಪರೀಕ್ಷೇಲಿ ರಜೆ ಕೇಳಿ ಪತ್ರ ಬರಿ ಅಂತ ಬಂದಿತ್ತು, ಅದೇ ಕೊನೆ. ನಾನು ರಜೆ ಕೇಳಿದ ಸ್ಪೀಡು ನೋಡಿ ಮೇಷ್ಟ್ರು ಇವನು ಇಲ್ಲಿರೋ ಆಸಾಮಿ ಅಲ್ಲ ಅಂತ ಪಾಸು ಮಾಡಿ ಕಳಿಸಿಬಿಟ್ರು ಅನ್ಸತ್ತೆ. ಅದಕ್ಕೇ ತಪ್ಪಿದ್ರೆ ಕೆಂಪು ಪೆನ್ ಹಿಡೀಬೇಡಿ. ನಮ್ಮ ಭಾಷೆನ ನಮ್ಮೂರಿಗೆ ಬಂದು ಕಲಿತ ನೀವು, ಇದರಲ್ಲೇ ಹುಟ್ಟಿ ಬೆಳೆದ ನನ್ನ ತಪ್ಪು ತಿದ್ದುತ್ತಿದ್ರಿ. ಆ ಅವಮಾನ ನನಗೆ ಈಗ ಬೇಕೂ ಅನ್ಸತ್ತೆ, ಬೇಡಾನೂ ಅನ್ಸತ್ತೆ.

ವಿಷಯಕ್ಕೆ ಬರ್ತೀನಿ. ನಿಮ್ಮ ಕೆಲಸದ ಪರವಾನಗಿಯ ಅಪೀಲು ಗೆದ್ದಿದೆ ಅಂತ ನಿಮಗೆ ಗೊತ್ತು. ಆರ್ಡರಿನ ಪ್ರತಿ ಎದುರಾಫೀಸಿನ ಮೇಡಂ ಕಳಿಸಿದ್ರು. ಎರಡು ವರ್ಷದ ಪರವಾನಗಿ. ಆದ್ರೆ ಈ ತಿಂಗಳು ಮುಗಿಯೋದ್ರೊಳಗೆ ನೀವು ಗಡಿ ದಾಟಿ ಒಳಗೆ ಬಂದಿರಬೇಕು, ಇಲ್ಲದಿದ್ರೆ ಅದು ಸತ್ತ ಹಾಗೇ. ನೀವು ಎಲ್ಲಾ ಓದಿ ಮೇಡಂಗೆ ಒಂದೇ ಸಾಲು ಬರೆದ್ರಿ. ಧನ್ಯವಾದ, ನಾನು ಬರಲ್ಲ ಅಂತ. ಅದನ್ನ ಮೇಡಂ ಓದಿ ನಮ್ಮ ಸಾರ್‌ಗೆ ಕೊಟ್ರು, ಸಾರ್ ಓದಿ ನನಗೆ ಕೊಟ್ರು. ನಾನು ಯಾರಿಗೆ ಕೊಡ್ಲಿ? ಹಾಗೇ ಕೈಲಿ ಹಿಡ್ಕೊಂಡು ನಿಂತಿದ್ದೆ.

ಯಾಕೆ ಬರಲ್ಲ ಅಂತ ನೀವು ಬರೆದಿಲ್ಲ. ಬರೀಬೇಕಾಗಿಲ್ಲ. ಮೊದಲನೇ ಸಲ ಅರ್ಜಿ ತಳ್ಳಿ ಹಾಕಿದಾಗ ಆರ್ಡರ್‌ನಲ್ಲಿ ಒಂದು ಸಾಲು ಇತ್ತಲ್ಲ, ಇವರಿಲ್ಲದಿದ್ರೂ ಆಫೀಸು ಮುಚ್ಚೋದಿಲ್ಲ ಅಂತ ಸ್ವತಃ ಯಜಮಾನರೇ ಹೇಳಿದ್ದಾರೆ ಅಂತ. ಅದು ಮುಳ್ಳು. ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಪೆಟ್ಟಿಗೆ ಮೇಲಕ್ಕೆ ಎತ್ತಿಟ್ಟು ಕೆಳಗಿಳಿದಾಗ ನೀವು ನಗ್ತಾ ಅಂದ್ರಿ, ಸಾರ್ ಸುಳ್ಳು ಹೇಳಿಲ್ಲ ಚಕ್ರ, ಆಫೀಸು ಮುಚ್ಚಲ್ಲ, ನಿಜ ತಾನೇ ಅಂತ. ಅತ್ತಿದ್ರೆ ಸಮಾಧಾನನಾದ್ರೂ ಮಾಡಬಹುದಿತ್ತು. ನಗೋರಿಗೆ ಏನು ಮಾಡೋದು?

ಅಕ್ಕ, ಅವತ್ತು ವಿಚಾರಣೆ ಕೋಣೆಯೊಳಗೆ ನೀವಿರಲಿಲ್ಲ. ಸಾಕ್ಷಿ ಮುಗಿಯೋ ತನಕ ಅರ್ಜಿದಾರರು ಹೊರಗಿರಬೇಕು ಅಂತ ನಿಮ್ಮನ್ನ ಕಾರಿಡಾರಿನ ಬೆಂಚ್ ಮೇಲೆ ಕೂರಿಸಿದ್ರು. ನಾನಿದ್ದೆ, ಫೈಲು ಹೊರೋನು ಅನ್ನೋ ಪುಣ್ಯಕ್ಕೆ. ನೀವು ಓದಿದ್ದು ಸಾಲು. ನಾನು ನೋಡಿದ್ದು ಬೇರೆ. ಅದನ್ನ ಹೇಳೋಕೇ ಈ ಕಾಗದ.

ಮೊದಲಿಂದ ಹೇಳ್ತೀನಿ, ನಿಮಗೆ ಗೊತ್ತಿರೋದೂ ಬರತ್ತೆ, ಸಹಿಸ್ಕೊಳ್ಳಿ. ಹಾರಿಸಿ ಹಾರಿಸಿ ಹೇಳಿದ್ರೆ ನನಗೇ ದಾರಿ ತಪ್ಪತ್ತೆ.

ನಮ್ಮ ಮಹಡಿ ಹೇಗಿತ್ತು ಅಂತ ನೆನಪಿದೆಯಲ್ಲ? ಏಳು ವಕೀಲರ ಆಫೀಸು, ಏಳಕ್ಕೂ ಒಂದೇ ಕಸುಬು: ಹೊರಗಿನಿಂದ ಬಂದೋರ ಪರವಾನಗಿ, ಕುಟುಂಬ ಕರೆಸೋದು, ಗಡೀಪಾರು ತಡೆಯೋದು. ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆನೇ ಮೆಟ್ಟಿಲ ಮೇಲೆ ಜನ. ಕೆಳಗಿನ ಟೀ ಅಂಗಡಿಯವನು ನಮ್ಮ ಮಹಡಿನ ನಂಬ್ಕೊಂಡೇ ಮಗಳ ಮದುವೆ ಮಾಡಿದ. ಆಮೇಲೆ ಸರ್ಕಾರ ಒಂದೊಂದು ಕಸುಬಿಗೂ ಹೊರಗಿನೋರು ಇಷ್ಟೇ ಜನ ಅಂತ ಮಿತಿ ಹಾಕ್ತಲ್ಲ, ಅವತ್ತಿಂದ ಮೆಟ್ಟಿಲು ಖಾಲಿಯಾಗ್ತಾ ಬಂತು. ಬಾಗಿಲೇ ಇಲ್ಲದ ಮೇಲೆ ಬೀಗದ ಕೈ ಮಾರೋನ ಹತ್ರ ಯಾರು ಬರ್ತಾರೆ? ಮೂಲೆ ಆಫೀಸಿನ ವಕೀಲರು ಮನೆ ಮಾರಾಟದ ದಸ್ತಾವೇಜು ಬರೆಯೋಕೆ ಹೋದ್ರು. ಅವರ ಪಕ್ಕದೋರ ಜಾಗದಲ್ಲಿ ಈಗ ಜಿಮ್ ಇದೆ, ದಿನವಿಡೀ ಧಡ್ ಧಡ್ ಅಂತ ಕಬ್ಬಿಣ ಬೀಳತ್ತೆ. ನಮ್ಮ ಸಾರ್ ಕಕ್ಷಿದಾರರಿಗೆ ಸೆಕ್ಷನ್ ವಿವರಿಸ್ತಾ ಇರ್ತಾರೆ, ಗೋಡೆ ಆಚೆಯಿಂದ ಯಾವನೋ "ಇನ್ನೊಂದೇ, ಇನ್ನೊಂದೇ!" ಅಂತ ಕೂಗ್ತಾನೆ.

ಇನ್ನೂ ಬರೋ ಜನ ಇದ್ದಾರಲ್ಲ, ಅವರೆಲ್ಲ ಕೊನೇ ಮೆಟ್ಟಿಲಿಗೆ ಬಂದು ನಿಂತೋರು. ಮೊದಲು ನಗ್ತಾ ಬರ್ತಿದ್ರು, ಈಗ ನಡುಗ್ತಾ ಬರ್ತಾರೆ. ಕೇಸು ಕಡಿಮೆ, ಒಂದೊಂದು ಕೇಸೂ ಬಂಡೆ. ಅದರಲ್ಲೂ ನಿಮ್ಮ ಭಾಷೆಯವರೇ ಜಾಸ್ತಿ. ಮಜಾ ನೋಡಿ, ಅವರ ಮಾತು ಗೊತ್ತಿರೋ ವಕೀಲರು ಬೇಕಾದ ಹೊತ್ತಿಗೇ, ವಕೀಲಿ ಕಸುಬಿಗೆ ಹೊರಗಿನೋರು ಬೆರಳಲ್ಲಿ ಎಣಿಸೋಷ್ಟು ಸಾಕು ಅಂತ ರೂಲು ಬಂತು. ಇಲ್ಲಿನೋರ ಕೈಲಿ ಆಗದ ಕೆಲಸ ಇವರು ಮಾಡ್ತಾರೆ ಅಂತ ಯಜಮಾನನೇ ಬಂದು ಸಾಕ್ಷಿ ಹೇಳಬೇಕು. ಬಾವಿ ತೋಡೋನ ಹಗ್ಗಾನೇ ಕಿತ್ಕೊಂಡ್ರು.

ನಿಮ್ಮ ಅರ್ಜಿಯಲ್ಲಿ ಸಾರ್ ಸಾಕ್ಷಿ, ಹಾಗಾಗಿ ಸಾರೇ ವಾದ ಮಾಡೋ ಹಾಗಿಲ್ಲ. ಬೇರೆ ವಕೀಲರು ಬೇಕು. ಉಳಿದಿದ್ದು ಎದುರಾಫೀಸಿನ ಮೇಡಂ ಒಬ್ಬರೇ. ಅವರಿಗೂ ಸಾರ್‌ಗೂ ಹಾವು ಮುಂಗುಸಿ. ಜಗಳ ಯಾಕೆ ಶುರುವಾಯ್ತು ಅಂತ ಇಬ್ಬರಿಗೂ ನೆನಪಿಲ್ಲ, ಬಿಡೋಕೆ ಇಬ್ಬರಿಗೂ ಮನಸ್ಸಿಲ್ಲ. ಸಾರ್ ಅವರ ಬಾಗಿಲ ತನಕ ಹೋಗೋದು, ನೀರು ಕುಡಿಯೋ ಹಾಗೆ ಮಾಡಿ ವಾಪಸ್ ಬರೋದು, ಹೀಗೆ ಅರ್ಧ ದಿನ ಕಳೆದ್ರು. ಕೊನೆಗೆ ಮೇಡಮ್ಮೇ ಒಳಗಿಂದ ಕೂಗಿದ್ರು, "ಒಳಗೆ ಬಾರಯ್ಯ, ನೆಲ ಸವೆದು ಹೋಗತ್ತೆ, ಬಾಡಿಗೆ ಮನೆ ಇದು" ಅಂತ. ಇದು ನಿಮಗೆ ಗೊತ್ತಿರಲಿಲ್ಲ ಅಲ್ವಾ? ನಿಮ್ಮ ಹತ್ರ ಸಾರ್ ಹೇಳಿದ್ದು, ಅವಳೇ ಬಂದು ಕೇಸು ಕೇಳಿದಳು ಅಂತ. ಈಗ ಗೊತ್ತಾಯ್ತಲ್ಲ.

ಆಮೇಲೆ ತಾಲೀಮು. ನಮ್ಮ ಆಫೀಸಿನ ಪದ್ಧತಿ ನಿಮಗೆ ಹೇಳಬೇಕಾ? ವಿಚಾರಣೆಗೆ ಮುಂಚೆ ಕಕ್ಷಿದಾರರನ್ನ ಬೆತ್ತದ ಕುರ್ಚೀಲಿ ಕೂರಿಸೋದು, ನಾನು ಸಾರ್‌ದೇ ಕೋಟು ಹಾಕ್ಕೊಂಡು ಆಫೀಸರ್ ಆಗೋದು, ಅಡ್ಡಾದಿಡ್ಡಿ ಪ್ರಶ್ನೆ ಕೇಳೋದು. ಸಾರ್ ಮೂಲೇಲಿ ನಿಂತು, ಕೇಳಿದ್ದಕ್ಕಷ್ಟೇ ಉತ್ತರ, ಕೇಳಿದ್ದಕ್ಕಷ್ಟೇ ಉತ್ತರ ಅಂತ ಜಪ ಮಾಡೋದು. ಈ ಸಲ ಬೆತ್ತದ ಕುರ್ಚೀಲಿ ಸಾರೇ ಕೂರಬೇಕಾಯ್ತು. ನಿಮ್ಮನ್ನ ಅವತ್ತು ಬೇಕಂತಲೇ ಲೈಬ್ರರಿಗೆ ಕಳಿಸಿದ್ರು, ಮರ್ಯಾದೆ ಪ್ರಶ್ನೆ ನೋಡಿ.

ಅಕ್ಕ, ನೀವು ನೋಡಬೇಕಿತ್ತು. ನಿಮ್ಮ ಹೆಸರೇನು ಅಂತ ಮೇಡಂ ಕೇಳಿದ್ರು. ಸಾರ್ ಹೆಸರು ಹೇಳಿ, ಆ ಹೆಸರನ್ನ ತಾತ ಯಾಕೆ ಇಟ್ಟರು, ತಾತನಿಗೂ ದೊಡ್ಡಪ್ಪನಿಗೂ ಏನು ಮನಸ್ತಾಪ ಅನ್ನೋ ತನಕ ಹೋದ್ರು. ಎಷ್ಟು ವರ್ಷದಿಂದ ವಕೀಲಿ ಅಂದ್ರೆ, ಮೊದಲನೇ ಕೇಸಿನ ಜಡ್ಜಿಗೆ ಹಲ್ಲುನೋವಿತ್ತು ಅಂತ ಶುರು ಮಾಡಿದ್ರು. ಮೇಡಂ ಪೆನ್ ಎಸೆದ್ರು. "ಮೂವತ್ತು ವರ್ಷ ಬೇರೆಯವರ ಬಾಯಿಗೆ ಬೀಗ ಹಾಕಿಸಿದೆಯಲ್ಲೋ, ನಿನ್ನ ಬಾಯಿಗೆ ಬಾಗಿಲೇ ಇಲ್ಲ. ಹೇಳಬೇಕಾದ್ದೆಲ್ಲ ನಾನು ಬರೆದು ಕೊಟ್ಟಿದ್ದೀನಿ. ನಿನಗೆ ಎರಡೇ ಪದ. ಹೌದು, ಇಲ್ಲ. ಮೂರನೇದು ಬಂತೋ, ನಾನು ಎದ್ದು ಹೋಗ್ತೀನಿ" ಅಂದ್ರು. ಸಾರ್ ಮುಖ ಹಿಂಡ್ಕೊಂಡು, ಸರಿ ಅಂದ್ರು. ಅದೇ ಮೂರನೇ ಪದ ಅಂತ ಮೇಡಂ ಮತ್ತೆ ಬೈದ್ರು.

ವಿಚಾರಣೆ ದಿನ ಆಫೀಸರ್‌ಗೆ ನೆಗಡಿ. ಒಂದು ಕೈಲಿ ಕರ್ಚೀಫು, ಒಂದು ಕೈಲಿ ಪೆನ್ನು. ಬೇಗ ಮುಗಿಸಿ ಮನೆಗೆ ಹೋಗೋ ಆತುರ. ಸಾರ್ ಎರಡೂ ಕೈನ ಮೊಣಕಾಲ ಮೇಲಿಟ್ಟು ಒಂದನೇ ಕ್ಲಾಸಿನ ಮಗು ಥರ ಕೂತಿದ್ರು. ಇವರು ನಿಮ್ಮ ಜೂನಿಯರಾ? ಹೌದು. ಕೆಲಸದಲ್ಲಿ ದೂರಿದೆಯಾ? ಇಲ್ಲ. ಮೇಡಂ ಮುಖದಲ್ಲಿ ನಾನು ಮೊದಲನೇ ಸಲ ಸಾರ್ ಬಗ್ಗೆ ಮೆಚ್ಚುಗೆ ನೋಡಿದೆ. ಆಮೇಲೆ ಆಫೀಸರ್ ಒಂದು ಸೀನು ಸೀನಿ, ಮೂಗು ಒರೆಸ್ಕೊಂಡು, ತಲೆ ಎತ್ತದೇ ಕೇಳಿದ. ಇವರಿಲ್ಲದಿದ್ರೆ ನಿಮ್ಮ ಆಫೀಸು ಮುಚ್ಚತ್ತಾ?

ಆ ಪ್ರಶ್ನೆ ತಾಲೀಮಲ್ಲಿ ಇರಲಿಲ್ಲ.

ಸಾರ್ ಇಲ್ಲ ಅಂದ್ರು. ಮುಚ್ಚಲ್ಲ ತಾನೇ, ಇದ್ದಿದ್ದು ಇದ್ದ ಹಾಗೆ. ಅಂದ ತಕ್ಷಣ ಮುಂದೆ ಇನ್ನೇನೋ ಹೇಳೋಕೆ ಬಾಯಿ ತೆಗೆದ್ರು. ಮೇಡಂ ಕಡೆ ನೋಡಿದ್ರು. ಮೇಡಂ, ಆಫೀಸರ್ ಇನ್ನೊಂದು ಪ್ರಶ್ನೆ ಕೇಳೇ ಕೇಳ್ತಾನೆ, ಹಾಗಾದ್ರೆ ಇವರು ಯಾಕೆ ಬೇಕು ಅಂತ, ಆಗ ಹೇಳಬಹುದು ಅಂತ ಕಣ್ಣಲ್ಲೇ ತಡೆದ್ರು. ಸಾರ್ ಬಾಯಿ ಮುಚ್ಚಿದ್ರು. ಆಫೀಸರ್ ಫೈಲೂ ಮುಚ್ಚಿದ. ಅಷ್ಟೇ ಅಕ್ಕ. ಹೌದು ಇಲ್ಲ ಅಂತ ಹೇಳಿಕೊಟ್ಟಿದ್ದೇ ಕುತ್ತಿಗೆಗೆ ಬಂತು. ಅವರು ಹೇಳಬೇಕು ಅಂತಿದ್ದ ಮಾತು ಒಳಗೇ ಉಳೀತು, ನಾನು ಪಕ್ಕದಲ್ಲಿದ್ದೆ, ಅವರು ಅರ್ಧ ಎದ್ದು ಮತ್ತೆ ಕೂತಿದ್ದು ಕಂಡೆ.

ನೀವು ಹೊರಟ ಮೇಲೆ ಇಬ್ಬರೂ ಒಂದು ವಾರ ಮಹಡಿ ಕಿತ್ತು ಹೋಗೋ ಹಾಗೆ ಜಗಳ ಆಡಿದ್ರು. ನಿನ್ನ ಬಾಯಿ, ನಿನ್ನ ಕಣ್ಣು ಅಂತ. ಜಿಮ್ಮಿನೋರೇ ಬಂದು ಸ್ವಲ್ಪ ನಿಧಾನ ಅಂದ್ರು. ಆಮೇಲೆ ಒಂದು ದಿನ ಜಗಳ ನಿಂತು ಹೋಯ್ತು. ಯಾಕೆ ಅಂದ್ರೆ ಹಾಸ್ಟೆಲ್ಲಿನ ಅಡುಗೆಯವರು ಬಂದ್ರು.

ನಿಮಗೆ ನೆನಪಿದ್ದಾರಲ್ಲ, ನಿಮ್ಮ ಕಡೆಯ ಆ ಹಿರಿಯರು, ಮಾತಿಗೆ ಮುಂಚೆ ಕೈ ಮುಗಿಯೋರು. ಸಾರ್ ಅವರನ್ನ ಫೋನಿನ ದುಭಾಷಿ ಇಟ್ಕೊಂಡು ಸಲಸಲಕ್ಕೂ ಕೇಳಿದ್ರು, ವಾಪಸ್ ಹೋದ್ರೆ ಊರಲ್ಲಿ ನಿಮಗೇನಾದ್ರೂ ತೊಂದರೆ ಇದೆಯಾ ಅಂತ. ಸಲಸಲಕ್ಕೂ ಇಲ್ಲ ಸಾರ್ ಅಂತಿದ್ರು. ತೊಂದರೆ ಇಲ್ಲ ಅಂತಲೇ ಸಾರ್ ಬರ್ಕೊಂಡ್ರು. ನೀವು ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಬನ್ನು ಮುರಿದು ಕೊಟ್ಟು, ಹಾಸ್ಟೆಲ್ಲಿನ ಹುಡುಗರು ಏನು ಇಷ್ಟ ಪಡ್ತಾರೆ ಅಂತ ಏನೇನೋ ಹರಟೆ ಹೊಡೀತಿದ್ರಿ. ಇದೇನು ಅಕ್ಕ ಕಾಲಹರಣ ಮಾಡ್ತಾರೆ ಅಂತ ನಾನು ನೀರಿನ ಕ್ಯಾನು ಹೊತ್ಕೊಂಡು ನಿಮ್ಮಿಬ್ಬರನ್ನ ದಾಟಿ ಹೋದೆ. ವಾಪಸ್ ಬರುವಾಗ ಅವರು ಅಂಗಿ ತೋಳು ಮಡಚಿ ಸುಟ್ಟ ಗಾಯ ತೋರಿಸ್ತಿದ್ರು. ಅದು ಒಲೆ ಗಾಯ ಅಲ್ಲ, ಊರಲ್ಲಿ ಯಾರೋ ಬೇಕಂತಲೇ ಸುಟ್ಟಿದ್ದು ಅಂತ ನಿಮಗೆ ಆಗಲೇ ಗೊತ್ತಾಗಿತ್ತು. ಇಡೀ ಕೇಸೇ ಅವತ್ತು ತಿರುಗ್ತು.

ಅವರು ಬಂದು ನಿಮ್ಮನ್ನ ಕೇಳಿದ್ರು. ಇಲ್ಲ ಅಂದೆ. ಮೆಟ್ಟಿಲ ಮೇಲೆ ಕೂತ್ರು. ಸಾರ್ ಹೊರಗೆ ಬಂದು, ಒಳಗೆ ಬನ್ನಿ, ಏನು ಸಮಾಚಾರ, ಎಲ್ಲಾ ಸರಿ ಇದೆಯಾ ಅಂತ ಕೇಳಿದ್ರು. ಅವರು ಎದ್ದು ನಿಂತು ಕೈ ಮುಗಿದು, ಸರಿ ಇದೆ ಸಾರ್, ಏನೂ ತೊಂದರೆ ಇಲ್ಲ ಸಾರ್ ಅಂದ್ರು. ಅವರ ಕಣ್ಣು ಬೇರೆ ಏನೋ ಹೇಳ್ತಿತ್ತು.

ಸಾರ್ ಒಳಗೆ ಬಂದು ಬೆತ್ತದ ಕುರ್ಚೀಲಿ ಕೂತ್ರು. ತಮ್ಮ ಕುರ್ಚೀಲಿ ಅಲ್ಲ. ಸಾರ್ ಸುಮ್ಮನಿರೋದು ಅಂದ್ರೆ ಫ್ಯಾನ್ ನಿಂತ ಹಾಗೆ, ಗೊತ್ತಾಗಿಬಿಡತ್ತೆ. ಎದುರಾಫೀಸಿಂದ ಮೇಡಂ ಬಂದು ಏನಾಯ್ತೋ ಅಂದ್ರು. ಆಗ ಸಾರ್ ಕೇಳಿದ್ರು, "ಇಷ್ಟು ವರ್ಷ ಎಷ್ಟು ಜನ ನನ್ನ ಮುಂದೆ ಕೂತು ಇಲ್ಲ ಸಾರ್ ಅಂದಿರಬಹುದು?" ಮೇಡಂ ಬೈಯ್ಯಲಿಲ್ಲ. ತಮ್ಮ ಕೋಣೆಗೆ ಹೋಗಿ ಅಪೀಲಿನ ಕರಡು ತಂದು ಮೇಜಿನ ಮೇಲಿಟ್ರು. ಜಗಳದ ವಾರದಲ್ಲೇ ಬರೆದು ಇಟ್ಟಿದ್ರಂತೆ. ಎಂಥಾ ಹೆಂಗಸು ನೋಡಿ.

ಅಪೀಲಿಗೆ ಈ ಸಲ ತಾಲೀಮು ಇಲ್ಲ. ಸಾರೇ ಬೇಡ ಅಂದ್ರು. ನಿನ್ನ ಹಣೆಬರಹ ಅಂದ್ರು ಮೇಡಂ.

ಪೀಠದಲ್ಲಿ ಕೂತಿದ್ದೋರಲ್ಲಿ ಹಿರಿಯರು ಒಬ್ಬ ಅಜ್ಜಿ. ಕನ್ನಡಕದ ಮೇಲಿಂದ ನೋಡೋ ಥರದೋರು, ನಮ್ಮ ಗಣಿತದ ಟೀಚರ್ ನೆನಪಾಗಿ ನನ್ನ ಕೈ ತಾನಾಗೇ ಕಟ್ಟಿಕೊಳ್ತು. ಅವರು ಹಳೇ ಆರ್ಡರ್ ಓದಿ ಕೇಳಿದ್ರು, ಇವರಿಲ್ಲದಿದ್ರೆ ಆಫೀಸು ಮುಚ್ಚಲ್ಲ ಅಂದಿದ್ದೀರಿ, ಈಗ ಮಾತು ಬದಲಾಯಿಸ್ತೀರಾ ಅಂತ. ಮೇಡಂ ಮೇಜಿನ ಕೆಳಗೆ ಕಾಲು ರೆಡಿ ಇಟ್ಕೊಂಡಿದ್ರು, ಒದೆಯೋಕೆ.

ಬದಲಾಯಿಸಲ್ಲ ಅಂದ್ರು ಸಾರ್. ಆಫೀಸು ಮುಚ್ಚಲ್ಲ ಅಮ್ಮ ಅಂದ್ರು. "ಬಾಗಿಲು ತೆಗೆದೇ ಇರತ್ತೆ, ಫ್ಯಾನ್ ತಿರುಗ್ತಾ ಇರತ್ತೆ, ನಾನು ಕುರ್ಚೀಲಿ ಕೂತಿರ್ತೀನಿ. ಜನ ಬರ್ತಾರೆ. ತೊಂದರೆ ಇದೆಯಾ ಅಂತೀನಿ, ಇಲ್ಲ ಅಂತಾರೆ. ಇಲ್ಲ ಅಂತ ಬರ್ಕೋತೀನಿ. ಅವರನ್ನ ಧೈರ್ಯವಾಗಿ ತಪ್ಪು ದಾರಿಗೆ ಕಳಿಸ್ತೀನಿ. ಆಫೀಸು ಮುಚ್ಚಿದ್ರೆ ಅವರು ಬೇರೆ ಕಡೆಯಾದ್ರೂ ಹೋಗ್ತಿದ್ರು. ತೆಗೆದಿರೋದೇ ಅಪಾಯ" ಅಂದ್ರು.

ಅಜ್ಜಿ ಕನ್ನಡಕ ತೆಗೆದ್ರು. ಸಾರ್ ನಿಲ್ಲಿಸಲಿಲ್ಲ. "ಹೋದ ಸಲ ಸಾಕ್ಷಿ ಕುರ್ಚೀಲಿ ಕೂತಾಗಲೇ ನನಗೆ ಗೊತ್ತಾಗಿದ್ದು, ನಿಜ ಹೇಳಿಯೂ ಮನುಷ್ಯ ಎಷ್ಟು ದೊಡ್ಡ ಸುಳ್ಳಲ್ಲಿ ಸಿಕ್ಕಿಹಾಕ್ಕೊಳ್ಳಬಹುದು ಅಂತ, ನಾನು ವಕೀಲ, ನನಗೇ ಹೀಗಾದ್ರೆ ನನ್ನ ಮುಂದೆ ಬಂದು ಕೂರೋ ಒಬ್ಬ ಅಡುಗೆಯವರ ಗತಿ ಏನು" ಅಂದ್ರು. "ನಾನು ಅವಳಿಗೆ ಕಾನೂನು ಕಲಿಸಿದೆ, ಅವಳು ನನಗೆ ಕೇಳಿಸ್ಕೊಳ್ಳೋದು ಕಲಿಸ್ತಿದ್ದಳು, ನಾನು ಅರ್ಧ ಪಾಠದಲ್ಲಿದ್ದೀನಿ" ಅಂದ್ರು. ಅಕ್ಕ, ನಾನು ಉಪ್ಪು ಖಾರ ಹಚ್ತಿಲ್ಲ. ಇದೇ ಮಾತು. ಮೇಡಂ ಒದೀಲಿಲ್ಲ. ನಾನು ಬಗ್ಗಿ ನೋಡಿದೆ, ಕಾಲು ಹಿಂದಕ್ಕೆ ಎಳ್ಕೊಂಡಿದ್ರು.

ಹಾಗಂತ ಎಲ್ಲಾ ಚೆಂದವಾಗಿ ಮುಗೀತು ಅನ್ಕೋಬೇಡಿ. ಅದಾದಮೇಲೆ ಸಾರ್ ತಾತ ದೊಡ್ಡಪ್ಪನ ಕಡೆ ತಿರುಗೋ ಲಕ್ಷಣ ಕಾಣ್ತು, ಆಗ ಮೇಡಂ ಒದ್ರು. ಅಜ್ಜಿ ನಕ್ಕಿದ್ದು ನಾನು ನೋಡಿದೆ. ಆರ್ಡರ್‌ನಲ್ಲಿ ಇದ್ಯಾವುದೂ ಇಲ್ಲ. ಯಜಮಾನರ ಹೆಚ್ಚುವರಿ ಹೇಳಿಕೆಯನ್ನು ಪರಿಗಣಿಸಿ ಅಂತ ಒಣಗಿದ ಸಾಲು ಒಂದು ಇದೆ ಅಷ್ಟೇ. ಆ ಸಾಲಿನ ಹಿಂದೆ ಇಷ್ಟೆಲ್ಲ ಇದೆ. ನಿಮ್ಮನ್ನ ಹೊರಗೆ ಹಾಕಿದ ಸಾಲನ್ನ ಬಾಯಿಪಾಠ ಮಾಡಿದ್ದೀರಲ್ಲ, ಇದನ್ನೂ ಒಂದ್ಸಲ ಓದಿ ಅಂತ ಬರೀತಿದ್ದೀನಿ.

ಈಗ ಆಫೀಸಿನ ಸಮಾಚಾರ. ಎರಡು ಆಫೀಸೂ ಒಂದಾಗಿದೆ. ಬಾಡಿಗೆ ಕಟ್ಟೋಕೆ ಆಗಲ್ಲ ಅಂತ ಒಂದಾದ್ರು, ಹೊರಗಡೆ ಮಾತ್ರ ಸಿದ್ಧಾಂತ ಅಂತ ಹೇಳ್ತಾರೆ. ಈಗ ಇಬ್ಬರಿಗೂ ಒಂದೇ ಕೆಟಲ್ಲು, ಅದರ ಸ್ವಿಚ್ಚು ಯಾರು ಆರಿಸಬೇಕು ಅನ್ನೋದರ ಮೇಲೆ ದಿನಾ ವಾದ ಪ್ರತಿವಾದ. ಸಾರ್ ಈಗ ಮೆಟ್ಟಿಲ ಮೇಲೆ ಕೂತು ಕಕ್ಷಿದಾರರ ಜೊತೆ ಮಾತಾಡೋಕೆ ಕಲೀತಿದ್ದಾರೆ. ಬನ್ನೂ ತರಿಸ್ತಾರೆ. ಆದ್ರೆ ಅರ್ಧ ಮುರಿದು ಕೊಡೋದು ಮರೆತು ತಾವೇ ತಿಂದುಬಿಡ್ತಾರೆ. ಅಡುಗೆಯವರು ಮಾತ್ರ ಇನ್ನೂ ಎಲ್ಲಾ ಸರಿ ಇದೆ ಸಾರ್ ಅಂತಲೇ ಹೇಳ್ತಿದ್ದಾರೆ. ಅವರ ಕೇಸಿನ ವಿಚಾರಣೆ ಬರೋ ತಿಂಗಳು. ಕೋಟು ಹಾಕ್ಕೊಂಡು ನಾನು ಆಫೀಸರ್ ಆದ್ರೆ ನನ್ನನ್ನ ನೋಡಿಯೂ ನಡುಗ್ತಾರೆ. ನನ್ನನ್ನ ನೋಡಿ! ನಮ್ಮನೆ ಬೆಕ್ಕು ಕೂಡ ನನಗೆ ಹೆದರಲ್ಲ.

ನಾನು ನಿಮ್ಮ ಭಾಷೆ ಕಲಿಯೋಕೆ ಹೊರಟಿದ್ದೀನಿ. ಹೊಸದಾಗಿ ಒಬ್ಬ ತಾಯಿ ಬಂದಿದ್ರು, ಕೂತ್ಕೊಳ್ಳಿ ಅಂತ ಹೇಳೋಕೆ ಹೋಗಿ ಏನಂದ್ನೋ ಏನೋ, ಎದ್ದು ಹೊರಟೇ ಹೋದ್ರು. ಮೆಟ್ಟಿಲಿಳಿದು ಓಡಿ ಹಿಡ್ಕೊಂಡು ಬಂದೆ. ಇಷ್ಟು ಕೆಲಸ ಬದಲಾಯಿಸಿದೋನು ನಾನು, ಕಾಲಿಗೆ ಚಕ್ರ ಅಂತ ನೀವೇ ಹೆಸರಿಟ್ರಿ. ಗ್ಯಾರೇಜು ಬಿಟ್ಟೆ, ಕೊರಿಯರ್ ಬಿಟ್ಟೆ, ಮದುವೆ ಮನೆ ಲೈಟಿಂಗ್ ಬಿಟ್ಟೆ. ಇದನ್ನ ಬಿಡೋಕೆ ಯಾಕೋ ಕಾಲು ಬರ್ತಿಲ್ಲ. ಭಾವ ಬಸ್ ಡಿಪೋದಲ್ಲಿ ಕೆಲಸ ಇದೆ ಬಾ ಅಂತ ಕರೆದ್ರು. ಒಬ್ಬರು ಬರೋದಿದೆ, ಅವರು ಬಂದಮೇಲೆ ಹೇಳ್ತೀನಿ ಅಂದೆ. ಯಾರೋ ಅದು ಅಂದ್ರು. ಅಕ್ಕ ಅಂದೆ. ನಿನಗಿರೋ ಒಬ್ಬಳೇ ಅಕ್ಕ ಇಲ್ಲೇ ನನ್ನ ತಲೆ ತಿಂತಾ ಇದ್ದಾಳಲ್ಲೋ ಅಂದ್ರು.

ನಿಮ್ಮ ಕೋಪ ತಪ್ಪು ಅಂತ ನಾನು ಹೇಳಲ್ಲ. ನಿಮಗೆ ನೋವಾಗಿದ್ದು ನಿಜ. ಸಾರ್ ಬಾಯಿ ಮುಚ್ಚಿದ್ದೂ ನಿಜ. ರೂಲು ನಾಳೆ ಮತ್ತೆ ಬದಲಾಗಬಹುದು, ಎರಡು ವರ್ಷ ಆದಮೇಲೆ ಮತ್ತೆ ಇದೇ ರಾಮಾಯಣ, ಅದೂ ನಿಜ. ಮೇಡಂ ಅಂತೂ ಈಗಿನಿಂದಲೇ ಮುಂದಿನ ಅರ್ಜಿ ಕರಡು ಶುರು ಮಾಡಿದ್ದಾರೆ. ನೀವು ಡ್ರೈವಿಂಗ್ ಸ್ಕೂಲಿನಲ್ಲೇ ಖುಷಿಯಾಗಿದ್ರೆ ನಾನು ಬಾಯಿ ಮುಚ್ತೀನಿ. ಆದ್ರೆ ಮಾತಾಡಲ್ಲ ಅಂದ್ರಲ್ಲ ನಿಮ್ಮ ಅಮ್ಮ. ಇಡೀ ದಿನ ಬೇರೆಯವರನ್ನ ಮಾತಾಡಿಸ್ತಿದ್ದೋರು ಮಾತಾಡಲ್ಲ ಅಂದ್ರೆ ಅದು ಖುಷಿ ಅಲ್ಲ ಅಂತ ಹತ್ತನೇ ಕ್ಲಾಸ್ ಓದಿದೋನಿಗೂ ಗೊತ್ತಾಗತ್ತೆ.

ಬನ್ನಿ ಅಕ್ಕ. ಸಾರ್ ಮೇಲೆ ಸಿಟ್ಟು ತೀರಿಸ್ಕೊಳ್ಳೋಕಾದ್ರೂ ಬನ್ನಿ. ದೂರದಿಂದ ಸಿಟ್ಟು ಮಾಡ್ಕೊಂಡ್ರೆ ನಿಮಗೇ ಸುಸ್ತು, ಅವರಿಗೆ ತಾಗಲ್ಲ.

ಬರೆದು ಬರೆದು ಕೈ ನೋಯ್ತಿರೋ, ಆದ್ರೂ ನಿಮ್ಮವನೇ,
ಚಕ್ರ

ತಾ.ಕ.: ಕವರಿನ ಮೇಲೆ ಅಂಚೆ ಮುದ್ರೆ ಇಲ್ಲದ್ದನ್ನ ನೋಡಿದ್ರಾ? ಇದನ್ನ ಬರೆದಿದ್ದು ನಿಮ್ಮ ಊರಲ್ಲೇ, ನಿಮ್ಮ ಬೀದಿ ಕೊನೆಯ ಲಾಡ್ಜಿನಲ್ಲಿ. ನಿಮ್ಮ ಅಮ್ಮನ ಕೈಗೆ ನಾನೇ ಕೊಟ್ಟು ಬರ್ತೀನಿ. ಒಬ್ಬನೇ ಬಂದಿಲ್ಲ. ಸಾರೂ ಬಂದಿದ್ದಾರೆ, ಪಕ್ಕದ ಕೋಣೇಲಿ ಬಿಸಿನೀರಿನ ವಿಷಯಕ್ಕೆ ಲಾಡ್ಜಿನೋನ ಜೊತೆ ವಾದ ಮಾಡ್ತಿದ್ದಾರೆ, ಪಾಪ ಅವನಿಗೆ ಒಂದು ಪದನೂ ಅರ್ಥ ಆಗ್ತಿಲ್ಲ. ಎಷ್ಟೋ ಜನರನ್ನ ಗಡಿ ದಾಟಿಸಿದೋರು, ತಾವು ದಾಟಿದ್ದು ಇದೇ ಮೊದಲು. ಗಡೀಲಿ ನಿಮ್ಮ ದೇಶದ ಕಿಟಕಿ ಮುಂದೆ ಕ್ಯೂ ನಿಂತಾಗ ಪಾಸ್‌ಪೋರ್ಟ್ ಇದೆಯಾ ಅಂತ ಜೇಬು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರು. ಕಿಟಕಿಯಲ್ಲಿದ್ದ ಹುಡುಗಿಗೆ ನಮ್ಮ ಭಾಷೆ ಬರ್ತಿತ್ತು, ಯಾಕೆ ಬರ್ತಿದ್ದೀರಿ ಅಂದಳು. ಒಂದು ಮಾತು ಅರ್ಧದಲ್ಲಿ ನಿಲ್ಲಿಸಿದ್ದೀನಿ, ಮುಗಿಸಬೇಕು ಅಂದ್ರು. ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಅಂದಳು. ವ್ಯಾಪಾರ, ಪ್ರವಾಸ, ಬಂಧುಗಳ ಭೇಟಿ, ಮೂರೇ ಇರೋದಂತೆ. ಸಾರ್ ಬಂಧುಗಳು ಅಂದ್ರು. ಅವರು ನಿಮಗೇನಾಗಬೇಕು ಅಂತ ಕೇಳಿದಳು. ಸಾರ್ ಯೋಚಿಸಿ, "ಅದನ್ನ ಅವಳೇ ಹೇಳಬೇಕು, ಕೇಳ್ಕೊಂಡು ಬರ್ತೀನಿ" ಅಂದ್ರು. ಆ ಹುಡುಗಿ ನಕ್ಕು, ಆ ಜಾಗ ಹಾಗೇ ಖಾಲಿ ಬಿಟ್ಟು ಮುದ್ರೆ ಒತ್ತಿದಳು.

ಮಂಗಳವಾರ ಸಂಜೆ ಬಸ್ಸು. ನಿಮಗೂ ಒಂದು ಸೀಟು ಹಿಡಿದಿದ್ದೀನಿ. ಸಾರ್ ಪಕ್ಕದ್ದೇ, ಬೇಕಂತಲೇ. ದಾರಿಯುದ್ದಕ್ಕೂ ಬೈತಾ ಬರಬಹುದು.